ಪಾರ್ಸ್ನಿಪ್: ಬಿತ್ತುವ ಮುಂಚೆ ಗುರುತು ಹಿಡಿಯೋಣ

(ದಾವಣಗೆರೆಯಲ್ಲಿ ಕೈತೋಟ ಮಾಡುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಈ ಮೇಜಿನ ಮೇಲೆ ಮೂರು ಬೇರು ಇಟ್ಟಿದ್ದೇನೆ. ಒಂದು ಮೂಲಂಗಿ, ಒಂದು ಗಜ್ಜರಿ, ಇನ್ನೊಂದು ಪಾರ್ಸ್ನಿಪ್. ಮೊದಲಿನ ಎರಡನ್ನು ಎಲ್ಲರೂ ಬಲ್ಲಿರಿ. ಮೂರನೆಯದು ನಮ್ಮ ಊರಿನ ಮಾರ್ಕೆಟ್ಟಿಗೆ ಬರುವುದು ತೀರಾ ಅಪರೂಪ. ನೀಲಗಿರಿ, ಹಿಮಾಚಲದಂಥ ತಂಪು ಜಾಗಗಳಲ್ಲಿ ಸ್ವಲ್ಪ ಬೆಳೆಯುತ್ತಾರೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಒಮ್ಮೊಮ್ಮೆ ಕಾಣುತ್ತದೆ. ಇದು ಮಾತ್ರ ನಮ್ಮ ಹಿತ್ತಲಿನ ಡ್ರಮ್ಮಿನಲ್ಲಿ ಬೆಳೆದದ್ದು. ಉದ್ದ ಅಷ್ಟೇನಿಲ್ಲ. ಆದರೆ ರುಚಿ ಚೆನ್ನಾಗಿದೆ.

ನಾನು ಇವತ್ತು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ದಾವಣಗೆರೆ, ಚಿತ್ರದುರ್ಗದ ಹವೆಯಲ್ಲಿ ಪಾರ್ಸ್ನಿಪ್ ಬೆಳೆಯಬಹುದು. ಹಿತ್ತಲಿನಲ್ಲಿ, ಚಳಿಗಾಲದಲ್ಲಿ, ಸ್ವಲ್ಪ ಜಾಸ್ತಿ ಕಾಳಜಿ ಮಾಡಿದರೆ ಬರುತ್ತದೆ. ಆದರೆ ಬೀಜ ತರಿಸುವ ಮುಂಚೆ ಈ ಗಿಡವನ್ನು ಎಲೆ ನೋಡಿ, ಹೂ ನೋಡಿ, ಬೇರು ನೋಡಿ ಗುರುತು ಹಿಡಿಯಲು ಕಲಿಯಬೇಕು. ಬೇರು ಊಟಕ್ಕೆ ಒಳ್ಳೆಯದು. ಎಲೆಯ ರಸಕ್ಕೆ ಬಿಸಿಲು ಸೇರಿದರೆ ಚರ್ಮ ಸುಡುತ್ತದೆ. ನಮ್ಮ ಊರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಯೂಟ್ಯೂಬಿನಲ್ಲಿ ಬೆಳೆಯುವ ವಿಧಾನ ತೋರಿಸುವವರು ಬಹಳ ಜನ ಇದ್ದಾರೆ. ಈ ಎಚ್ಚರಿಕೆ ಹೇಳುವವರು ಕಡಿಮೆ. ಅದಕ್ಕೇ ನಾನು ಗುರುತಿನಿಂದಲೇ ಶುರು ಮಾಡುತ್ತೇನೆ.

ಮೊದಲು ಇದರ ಬಳಗ ತಿಳಿದುಕೊಳ್ಳೋಣ. ನಿಮ್ಮ ಅಡುಗೆಮನೆಯ ಸಾಂಬಾರ ಡಬ್ಬಿ ನೆನಪು ಮಾಡಿಕೊಳ್ಳಿ. ಕೊತ್ತಂಬರಿ, ಜೀರಿಗೆ, ಬಡೇಸೋಪು, ಅಜವಾನ ಇವೆಲ್ಲ ಒಂದೇ ಕುಟುಂಬ. ಸಬ್ಬಸಿಗೆ ಸೊಪ್ಪು ಅದೇ ಕುಟುಂಬ. ಗಜ್ಜರಿಯೂ ಅದೇ. ಪಾರ್ಸ್ನಿಪ್ ಕೂಡ ಅದೇ. ಈ ಕುಟುಂಬದ ಗಿಡಗಳ ಹೂಗೊಂಚಲು ಬಿಚ್ಚಿದ ಕೊಡೆಯ ಆಕಾರದಲ್ಲಿ ಇರುತ್ತದೆ. ಒಂದೇ ಜಾಗದಿಂದ ಕಡ್ಡಿಗಳು ಹೊರಟು, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೆ ಚಿಕ್ಕ ಕೊಡೆ. ಕೊತ್ತಂಬರಿ ಹೂ ಬಿಟ್ಟಾಗ ನೋಡಿದ್ದೀರಲ್ವಾ, ಅದೇ ಕಟ್ಟು. ಕೊತ್ತಂಬರಿ, ಗಜ್ಜರಿಗೆ ಬಿಳಿ ಹೂ. ಪಾರ್ಸ್ನಿಪ್, ಸಬ್ಬಸಿಗೆ, ಬಡೇಸೋಪಿಗೆ ಹಳದಿ ಹೂ.

ಈಗ ಎಲೆ. ಪಾರ್ಸ್ನಿಪ್ ಮೊಳಕೆ ಬಂದಾಗ ಎರಡು ಉದ್ದನೆಯ ಕಿರಿದಾದ ಎಲೆ ಕಾಣುತ್ತವೆ. ಅವು ಬೀಜದೆಲೆ. ಆಮೇಲೆ ಬರುವ ಮೊದಲ ನಿಜವಾದ ಎಲೆ ದುಂಡಗೆ, ಅಂಚಿನಲ್ಲಿ ಹಲ್ಲುಹಲ್ಲಾಗಿ ಇರುತ್ತದೆ. ಗಿಡ ಬೆಳೆದ ಮೇಲೆ ಎಲೆಯ ರೂಪ ಬದಲಾಗುತ್ತದೆ. ನಡುವೆ ಒಂದು ದಂಟು, ಎರಡೂ ಕಡೆ ಅಗಲವಾದ ಕಿರುಎಲೆಗಳು, ಅವುಗಳ ಅಂಚು ಗರಗಸದ ಹಾಗೆ. ಗಜ್ಜರಿ ಎಲೆಯಷ್ಟು ಸಣ್ಣಗೆ ಸೀಳಿರುವುದಿಲ್ಲ. ಗಜ್ಜರಿ ನೋಡಿ ಅಭ್ಯಾಸ ಆದವರು ಇದನ್ನು ಕಳೆ ಅಂತ ಕಿತ್ತು ಹಾಕುವ ಸಂಭವ ಜಾಸ್ತಿ. ಕಳೆ ತೆಗೆಯಲು ಬರುವವರಿಗೆ ಮೊದಲೇ ತೋರಿಸಿ ಹೇಳಿ.

ಉಲ್ಟಾ ಸಮಸ್ಯೆಯೂ ಇದೆ. ನಮ್ಮಲ್ಲಿ ಕಾಂಗ್ರೆಸ್ ಗಿಡ ಇಲ್ಲದ ಬದು ಇಲ್ಲ. ಎಳೆಯ ಕಾಂಗ್ರೆಸ್ ಗಿಡ ನೆಲಕ್ಕೆ ಒತ್ತಿ ಹರಡಿಕೊಂಡಿರುವಾಗ ಗಜ್ಜರಿ ಸೊಪ್ಪಿನಂತೆಯೇ ಕಾಣುತ್ತದೆ. ಅದು ಈ ಕುಟುಂಬದ್ದಲ್ಲ, ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಎಲೆ ಬೂದು ಹಸಿರು, ಮೇಲೆ ಸಣ್ಣ ರೋಮ. ಉಜ್ಜಿ ಮೂಸಿದರೆ ಅಡುಗೆಮನೆಯ ವಾಸನೆ ಬರುವುದಿಲ್ಲ. ಅನುಮಾನ ಇದ್ದರೆ ಕೈಯಲ್ಲಿ ಉಜ್ಜಬೇಡಿ. ಒಂದು ಕಾಗದದ ಮಡಿಕೆಯಲ್ಲಿ ಇಟ್ಟು ಉಜ್ಜಿ ಮೂಸಿ.

ಬೇರಿನ ಗುರುತು ಸುಲಭ. ಮೂಲಂಗಿ ಬಿಳಿ, ನುಣುಪು, ನೀರು ನೀರು. ಪಾರ್ಸ್ನಿಪ್ ಕೆನೆ ಬಣ್ಣ. ಮೈಮೇಲೆ ಅಡ್ಡ ಗೆರೆಗಳು. ತಲೆ ದಪ್ಪ, ಬುಡ ಸಪೂರ. ತಲೆಯ ಮೇಲೆ ಎಲೆ ಹುಟ್ಟುವ ಜಾಗ ನೋಡಿ. ಅಲ್ಲಿ ಸುತ್ತಲೂ ಒಂದು ತಗ್ಗು ಇದೆ, ಎಲೆಗಳು ಆ ತಗ್ಗಿನಿಂದ ಎದ್ದಿವೆ. ಇದನ್ನೇ ಹೋಲುವ ಇನ್ನೊಂದು ಬೇರಿದೆ, ಕೊತ್ತಂಬರಿಯಂಥ ವಿದೇಶಿ ಸೊಪ್ಪಾದ ಪಾರ್ಸ್ಲಿಯಲ್ಲಿ ಬೇರಿಗಾಗಿಯೇ ಬೆಳೆಯುವ ಬಗೆ. ಅದರ ತಲೆ ಉಬ್ಬಿರುತ್ತದೆ, ತಗ್ಗು ಇರುವುದಿಲ್ಲ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ಇದೊಂದು ಗುರುತು ಸಾಕು. ಈಗ ಒಬ್ಬೊಬ್ಬರೇ ಬಂದು ಮೂಸಿ ನೋಡಿ. ಜಾಕಾಯಿ ವಾಸನೆ ಬಂತಲ್ವಾ? ಮಿರಿಸ್ಟಿಸಿನ್ ಎಂಬ ವಸ್ತು ಜಾಕಾಯಿಯಲ್ಲೂ ಇದೆ, ಇದರಲ್ಲೂ ಇದೆ. ಸಬ್ಬಸಿಗೆಯಲ್ಲೂ ಇರುತ್ತದೆ.

ಇನ್ನು ಸುಡುವ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ.

ಪಾರ್ಸ್ನಿಪ್ಪಿನ ಎಲೆ, ದಂಟು, ಹೂವಿನ ರಸದಲ್ಲಿ ಫ್ಯೂರಾನೊಕೌಮರಿನ್ ಎಂಬ ಗುಂಪಿನ ರಾಸಾಯನಿಕಗಳಿವೆ. ಸೊರಾಲೆನ್ ಅದರಲ್ಲಿ ಒಂದು. ಹುಳ ಮತ್ತು ಬೂಷ್ಟಿನಿಂದ ಕಾಪಾಡಿಕೊಳ್ಳಲು ಗಿಡ ಇವನ್ನು ತಯಾರಿಸಿಕೊಳ್ಳುತ್ತದೆ. ರಸ ಚರ್ಮಕ್ಕೆ ತಾಗಿದರೆ ತಕ್ಷಣ ಏನೂ ಆಗುವುದಿಲ್ಲ. ಚರ್ಮದ ಒಳಗೆ ಇಳಿದ ಮೇಲೆ ಅದರ ಮೇಲೆ ಬಿಸಿಲು ಬೀಳಬೇಕು. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಈ ವಸ್ತು ಚರ್ಮದ ಜೀವಕೋಶದ ಡಿಎನ್ಎಗೆ ಅಂಟಿಕೊಳ್ಳುತ್ತದೆ. ಜೀವಕೋಶ ಸಾಯುತ್ತದೆ. ಒಂದೆರಡು ದಿನ ಬಿಟ್ಟು ಆ ಜಾಗ ಕೆಂಪಾಗಿ, ಉರಿದು, ಬೊಬ್ಬೆ ಬರುತ್ತದೆ. ಬೊಬ್ಬೆ ವಾಸಿಯಾದ ಮೇಲೂ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಒಂದೆರಡು ದಿನ ತಡವಾಗಿ ಬರುವುದರಿಂದಲೇ ಜನರಿಗೆ ಕಾರಣ ಗೊತ್ತಾಗುವುದಿಲ್ಲ. ಬಿಸಿ ನೀರು ಬಿದ್ದಿತಾ, ಹುಳ ಕಚ್ಚಿತಾ ಅಂತ ಯೋಚಿಸುತ್ತಾ ಕೂರುತ್ತಾರೆ.

ಇದು ಅಲರ್ಜಿ ಅಲ್ಲ, ದಯವಿಟ್ಟು ನೆನಪಿಡಿ. ಕಾಂಗ್ರೆಸ್ ಗಿಡದಿಂದ ಬರುವುದು ಅಲರ್ಜಿ. ಅದು ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಇದು ಹಾಗಲ್ಲ. ಸಾಕಷ್ಟು ರಸ, ಸಾಕಷ್ಟು ಬಿಸಿಲು ಸೇರಿದರೆ ಯಾರಿಗಾದರೂ ಆಗುತ್ತದೆ, ಮೊದಲನೇ ಸಲವೇ ಆಗುತ್ತದೆ. ಅಂಜೂರದ ಗಿಡದ ಹಾಲಿನಲ್ಲೂ, ನಿಂಬೆ ಸಿಪ್ಪೆಯ ರಸದಲ್ಲೂ ಇದೇ ಗುಂಪಿನ ವಸ್ತುಗಳಿವೆ. ನಮ್ಮ ಗಿಡಮೂಲಿಕೆಯಲ್ಲಿ ತೊನ್ನಿಗೆ ಬಾವಂಚಿ ಬೀಜ ಬಳಸುವುದನ್ನು ಕೇಳಿರುತ್ತೀರಿ. ಬಾವಂಚಿ ಅವರೆಯ ಕುಟುಂಬದ ಗಿಡ. ಅದರಲ್ಲಿ ಇರುವುದೂ ಸೊರಾಲೆನ್ನೇ. ಇವತ್ತಿಗೂ ಚರ್ಮದ ಡಾಕ್ಟರು ಸೊರಾಲೆನ್ ಕೊಟ್ಟು, ಅಳತೆಯಲ್ಲಿ ಕಿರಣ ಹಾಯಿಸಿ ಚಿಕಿತ್ಸೆ ಮಾಡುತ್ತಾರೆ. ಅಳತೆ ಅವರ ಕೈಯಲ್ಲಿ ಇರುತ್ತದೆ. ತೋಟದಲ್ಲಿ ಅಳತೆ ಯಾರ ಕೈಯಲ್ಲೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಎಲೆ ಮುಟ್ಟುವ ಕೆಲಸವನ್ನೆಲ್ಲ ಸಂಜೆ, ಬಿಸಿಲು ಇಳಿದ ಮೇಲೆ ಮಾಡಿ. ತುಂಬು ತೋಳಿನ ಅಂಗಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಎಲೆ ಒದ್ದೆ ಇದ್ದಾಗ ಮುಟ್ಟಬೇಡಿ. ರಸ ತಾಗಿದರೆ ಆಗಲೇ ಸೋಪು ಹಾಕಿ ತೊಳೆಯಿರಿ, ಎರಡು ದಿನ ಆ ಜಾಗಕ್ಕೆ ಬಿಸಿಲು ಬೀಳದ ಹಾಗೆ ಬಟ್ಟೆ ಮುಚ್ಚಿ. ಬೊಬ್ಬೆ ಬಂದರೆ ಒಡೆಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮಕ್ಕಳನ್ನು ಆ ಮಡಿಯ ಹತ್ತಿರ ಆಡಲು ಬಿಡಬೇಡಿ. ಇಷ್ಟು ಮಾಡಿದರೆ ಹೆದರಬೇಕಾಗಿಲ್ಲ. ಯುರೋಪಿನಲ್ಲಿ ಶತಮಾನಗಳಿಂದ ಜನ ಇದನ್ನು ಬೆಳೆದು ಉಣ್ಣುತ್ತಿದ್ದಾರೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಊರಿನ ಎಷ್ಟೋ ಮನೆಯ ಮಕ್ಕಳು ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ಇದ್ದಾರೆ. ಬಾಣಂತನಕ್ಕೆ ಅಂತ ತಾಯಂದಿರು ಆರು ತಿಂಗಳು ಹೋಗಿ ಬರುತ್ತೀರಿ. ಅಲ್ಲಿ ಬೇಸಿಗೆಯಲ್ಲಿ ರಸ್ತೆ ಬದಿಯಲ್ಲಿ ಎದೆಯೆತ್ತರ ಬೆಳೆದ ಹಳದಿ ಹೂವಿನ ಗಿಡ ಕಾಣುತ್ತದೆ. ಹೂ ನೋಡಿದರೆ ನಮ್ಮ ಸಬ್ಬಸಿಗೆಯಂತೆಯೇ. ಅದು ಕಾಡು ಪಾರ್ಸ್ನಿಪ್ ಇರಬಹುದು. ಯುರೋಪಿನಿಂದ ಹೋದವರ ಜೊತೆ ಹೋಗಿ, ಉತ್ತರ ಅಮೆರಿಕದಲ್ಲಿ ತೋಟದಿಂದ ತಪ್ಪಿಸಿಕೊಂಡು ಕಾಡು ಬಿದ್ದ ಗಿಡ. ಅದರ ದಂಟು ಟೊಳ್ಳು, ಮೇಲೆ ಉದ್ದುದ್ದ ಗೀರು. ಹೂ ಚೆನ್ನಾಗಿದೆ ಅಂತ ಕೀಳಬೇಡಿ. ಮೊಮ್ಮಕ್ಕಳ ಕೈಗೆ ಕೊಡಬೇಡಿ.

ಅದರ ಬೇರನ್ನು ಅಗೆದು ತರುವುದಂತೂ ಬೇಡವೇ ಬೇಡ. ಇದೇ ಕುಟುಂಬದಲ್ಲಿ ಪ್ರಾಣ ತೆಗೆಯುವ ವಿಷದ ಗಿಡಗಳೂ ಇವೆ. ಗ್ರೀಸಿನ ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಇದೇ ಬಳಗದ್ದು. ಇಂಗ್ಲೆಂಡಿನ ಹಳ್ಳ, ಕಾಲುವೆಗಳ ಪಕ್ಕ ಬೆಳೆಯುವ ವಾಟರ್ ಡ್ರಾಪ್‌ವರ್ಟ್ ಎಂಬ ಗಿಡದ ಬೇರು ಪಾರ್ಸ್ನಿಪ್ ಗೊಂಚಲಿನಂತೆ ಕಾಣುತ್ತದೆ. ಅದನ್ನು ತಿಂದು ಸತ್ತವರಿದ್ದಾರೆ. ಉತ್ತರ ಅಮೆರಿಕದಲ್ಲಿ ವಾಟರ್ ಹೆಮ್ಲಾಕ್ ಇದೆ. ಇವುಗಳ ಹೂ ಬಿಳಿ. ಆದರೆ ಬೇರು ಅಗೆಯುವ ಹೊತ್ತಿಗೆ ಹೂ ಇರಲೇಬೇಕು ಅಂತ ಇಲ್ಲವಲ್ಲ. ಅಂಗಡಿಯದು ಇಲ್ಲವೇ ನೀವೇ ಬೀಜ ಹಾಕಿ ಬೆಳೆದದ್ದು, ಎರಡೇ ತಿನ್ನಬೇಕಾದವು.

ಸರಿ, ಈಗ ಬೆಳೆಯುವ ವಿಷಯಕ್ಕೆ ಬರೋಣ.

ಪಾರ್ಸ್ನಿಪ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ ಬಿಟ್ಟು ಬೇರಿನಲ್ಲಿ ಆಹಾರ ಕೂಡಿಡುತ್ತದೆ. ಚಳಿಗಾಲದ ಕೊರೆತ ದಾಟಿದ ಮೇಲೆ ಎರಡನೇ ವರ್ಷ ಆ ಆಹಾರ ಬಳಸಿ ಹೂ ಬಿಡುತ್ತದೆ. ನಮ್ಮ ಊರಿನಲ್ಲಿ ಆ ಕೊರೆತ ಇಲ್ಲ. ಡಿಸೆಂಬರ್, ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ನಮಗೆ ಅದೇ ದೊಡ್ಡ ಚಳಿ. ಹಾಗಾಗಿ ನಮ್ಮಲ್ಲಿ ಬೀಜ ಮಾಡಿಕೊಳ್ಳಲು ಆಗುವುದಿಲ್ಲ. ಪ್ರತಿ ವರ್ಷ ಹೊಸ ಬೀಜ ತರಿಸಬೇಕು. ಹಳೆ ಬೀಜ ಇಟ್ಟುಕೊಂಡರೂ ಪ್ರಯೋಜನ ಇಲ್ಲ. ಮೂಲಂಗಿ ಬೀಜ ನಾಲ್ಕು ವರ್ಷ ಇಟ್ಟರೂ ಹುಟ್ಟುತ್ತದೆ. ಪಾರ್ಸ್ನಿಪ್ ಬೀಜ ಒಂದು ವರ್ಷ ಕಳೆದರೆ ನಂಬುವಂತಿಲ್ಲ. ಪೊಟ್ಟಣದ ಮೇಲಿನ ದಿನಾಂಕ ನೋಡದೆ ದುಡ್ಡು ಕೊಡಬೇಡಿ.

ಬೀಜ ನೋಡಿ, ಎಷ್ಟು ಹಗುರ. ಚಪ್ಪಟೆ, ದುಂಡಗೆ, ಅಂಚಿನಲ್ಲಿ ತೆಳು ರೆಕ್ಕೆ. ಗಾಳಿಯಲ್ಲಿ ಹಾರಿ ಹರಡಲೆಂದೇ ಹೀಗಿದೆ. ಚಿತ್ರದುರ್ಗದಿಂದ ಬಂದವರು ಇಲ್ಲಿದ್ದೀರಿ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಊರು ನಿಮ್ಮದು. ಗಾಳಿ ನಿಂತ ಹೊತ್ತು ನೋಡಿ ಬಿತ್ತಿ, ಬಿತ್ತಿದ ಕೂಡಲೇ ಮಣ್ಣು ಮುಚ್ಚಿ.

ಯಾವಾಗ ಬಿತ್ತಬೇಕು? ಇಂಗ್ಲೆಂಡಿನವರು ವಸಂತದಲ್ಲಿ ಬಿತ್ತಿ ಚಳಿಗಾಲದಲ್ಲಿ ಕೀಳುತ್ತಾರೆ. ಅವರ ಪೊಟ್ಟಣದ ಮೇಲೆ ಮಾರ್ಚ್, ಏಪ್ರಿಲ್ ಅಂತ ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲಿನಲ್ಲಿ ಬಿತ್ತಿದರೆ ಬೀಜ ಮಣ್ಣಿನಲ್ಲೇ ಸಾಯುತ್ತದೆ. ನಮ್ಮ ಲೆಕ್ಕ ಬೇರೆ. ಬೆಳೆಗೆ ಕನಿಷ್ಠ ನಾಲ್ಕು ತಿಂಗಳು ಬೇಕು. ಫೆಬ್ರವರಿ ಕಳೆದರೆ ಬಿಸಿಲು ಏರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ವಾರ ಬಿತ್ತನೆಗೆ ಸರಿ. ದಸರಾ ಆಸುಪಾಸು ಅಂತ ನೆನಪಿಟ್ಟುಕೊಳ್ಳಿ. ದೀಪಾವಳಿ ದಾಟಿಸಬೇಡಿ.

ಮೊಳಕೆ ಬರಿಸುವುದೇ ದೊಡ್ಡ ಕೆಲಸ. ಈ ಬೀಜಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಮಣ್ಣು 18-20 ಡಿಗ್ರಿ ಇದ್ದರೆ ಇದಕ್ಕೆ ಇಷ್ಟ. 30 ದಾಟಿದರೆ ಮೊಳಕೆ ಕೆಡುತ್ತದೆ. ಅಕ್ಟೋಬರಿನ ಮಧ್ಯಾಹ್ನ ನಮ್ಮ ಮೇಲ್ಮಣ್ಣು ಕಾಯುತ್ತದೆ. ಇದಕ್ಕೆ ಎರಡು ದಾರಿ ಇವೆ.

ಒಂದು, ಮಡಿಯಲ್ಲೇ ಬಿತ್ತುವುದು. ಅರ್ಧ ಇಂಚು ಆಳದ ಗೀರು ಎಳೆದು, ಎರಡು ಇಂಚಿಗೆ ಒಂದರಂತೆ ಬೀಜ ಹಾಕಿ, ಸಣ್ಣ ಮಣ್ಣು ಮುಚ್ಚಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಮೊಳಕೆ ಕಾಣುವವರೆಗೆ ಚೀಲ ಒಣಗಬಾರದು. ಮೊಳಕೆ ಕಂಡ ದಿನ ಸಂಜೆಯೇ ತೆಗೆಯಬೇಕು. ಅದೇ ಸಾಲಿನಲ್ಲಿ ಅಲ್ಲಲ್ಲಿ ಮೂಲಂಗಿ ಬೀಜ ಹಾಕುವವರೂ ಇದ್ದಾರೆ. ಮೂಲಂಗಿ ನಾಲ್ಕೈದು ದಿನಕ್ಕೆ ಹುಟ್ಟಿ ಸಾಲು ಎಲ್ಲಿದೆ ಅಂತ ತೋರಿಸುತ್ತದೆ, ಮೇಲೆ ಕಟ್ಟಿದ ಹೆಪ್ಪು ಒಡೆಯುತ್ತದೆ. ಪಾರ್ಸ್ನಿಪ್ ದಪ್ಪ ಆಗುವ ಮುಂಚೆ ಮೂಲಂಗಿ ಅಡುಗೆಮನೆ ಸೇರಿರುತ್ತದೆ. ಒಳ್ಳೆಯ ಪದ್ಧತಿ. ಆದರೆ ಇದನ್ನು ಮಾಡಿದರೆ ಗೋಣಿಚೀಲದ ಬದಲು ಮೇಲೆ ಎತ್ತರಕ್ಕೆ ನೆರಳು ಬಲೆ ಕಟ್ಟಬೇಕು.

ಎರಡನೆಯದು ನನಗೆ ಜಾಸ್ತಿ ಇಷ್ಟವಾದ ದಾರಿ. ಮುಚ್ಚಳ ಇರುವ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಬೀಜ ಹರವಿ, ಮನೆಯ ತಂಪಾದ ಮೂಲೆಯಲ್ಲಿ ಇಡಿ. ದಿನಾ ನೋಡಿ. ಬೇರಿನ ಬಿಳಿ ತುದಿ ಕಾಣಿಸಿದ ಬೀಜಗಳನ್ನು ಮಾತ್ರ ತೆಗೆದು ಮಡಿಗೆ ಹಾಕಿ. ತುದಿ ಉದ್ದ ಬೆಳೆಯಲು ಬಿಡಬೇಡಿ. ಅದು ಮುರಿದರೆ ಮುಂದೆ ಬೇರು ಕವಲೊಡೆಯುತ್ತದೆ. ಅದೇ ಕಾರಣಕ್ಕೆ ಬದನೆ, ಟೊಮ್ಯಾಟೊ ಹಾಗೆ ಸಸಿ ಮಾಡಿ ನಾಟಿ ಮಾಡಬಾರದು.

ಮಣ್ಣಿನ ಬಗ್ಗೆ. ದಾವಣಗೆರೆ, ಹರಿಹರ ಕಡೆ ಎಷ್ಟೋ ಹಿತ್ತಲುಗಳಲ್ಲಿ ಎರೆ ಮಣ್ಣು. ಒದ್ದೆಯಾದಾಗ ಅಂಟು, ಒಣಗಿದಾಗ ಬಿರುಕು. ಅದರಲ್ಲಿ ನೇರ ಬೇರು ಇಳಿಯುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದ ಕೆಮ್ಮಣ್ಣು ಹಗುರ, ಆದರೆ ಕಲ್ಲು ಇರುತ್ತದೆ. ಕಲ್ಲು ಸಿಕ್ಕ ಕಡೆ ಬೇರು ಎರಡಾಗುತ್ತದೆ. ಎರೆ ಮಣ್ಣಿನವರು ಏರುಮಡಿ ಮಾಡಿ, ಇಲ್ಲವೇ ಆಳದ ಡ್ರಮ್ ಬಳಸಿ. ಒಂದೂವರೆ ಅಡಿ ಆಳ ಇರಲೇಬೇಕು. ಸಾಮಾನ್ಯ ಗ್ರೋ ಬ್ಯಾಗ್ ಸಾಲುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ರದರ್ಶನಕ್ಕೆ ಬೆಳೆಯುವವರು ಪೀಪಾಯಿ ತುಂಬ ಮರಳು ತುಂಬಿ, ಅದರಲ್ಲಿ ಹಾರೆಯಿಂದ ಆಳದ ಗುಳಿ ಮಾಡಿ, ಗುಳಿಗೆ ಜರಡಿ ಹಿಡಿದ ಮಣ್ಣು ತುಂಬಿ ಒಂದೊಂದು ಗಿಡ ಬೆಳೆಸುತ್ತಾರೆ. ನಮ್ಮ ಮನೆಗಳಲ್ಲೂ ಹಾರೆ ಇದೆ. ಮಡಿಯಲ್ಲಿ ಹಾರೆ ಊರಿ, ಸುತ್ತ ಅಲುಗಾಡಿಸಿ, ಮೇಲೆ ಅಗಲ ಕೆಳಗೆ ಸಪೂರ ಗುಳಿ ಮಾಡಿ. ಕೆಮ್ಮಣ್ಣು, ಮರಳು, ಹಳೆಯ ಎರೆಹುಳು ಗೊಬ್ಬರ ಬೆರೆಸಿ ಜರಡಿ ಹಿಡಿದು ತುಂಬಿ. ಪ್ರತಿ ಗುಳಿಗೆ ಮೂರು ಬೀಜ, ಆಮೇಲೆ ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ.

ಹಸಿ ಸಗಣಿ ಗೊಬ್ಬರ ಬೇಡ. ಬೇರು ಕವಲೊಡೆಯುತ್ತದೆ. ಹಿಂದಿನ ಬೆಳೆಗೆ ಹಾಕಿದ ಗೊಬ್ಬರದ ಸಾರವೇ ಸಾಕು. ಯೂರಿಯಾ ಜಾಸ್ತಿ ಹಾಕಿದರೆ ಸೊಪ್ಪು ಬೆಳೆಯುತ್ತದೆ, ಬೇರು ಬೆಳೆಯುವುದಿಲ್ಲ. ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಇಂಚು ಬಿಡಿ. ನೀರು ಒಂದೇ ಸಮನೆ ಇರಲಿ. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಲೇ ತುಂಬ ಹಾಯಿಸಿದರೆ ಬೇರು ಸೀಳುತ್ತದೆ.

ರೋಗ, ಕೀಟದಲ್ಲಿ ನಮ್ಮ ಕಡೆ ನೋಡಿಕೊಳ್ಳಬೇಕಾದದ್ದು ಬೇರುಗಂಟು ಜಂತು. ಗಜ್ಜರಿ, ಟೊಮ್ಯಾಟೊ ಬೇರಿಗೆ ಗಂಟು ಬರಿಸುವ ಜಂತು ಇದಕ್ಕೂ ಬರುತ್ತದೆ. ಹಿಂದೆ ಚೆಂಡು ಹೂ ಬೆಳೆದ ಮಡಿ ಆರಿಸಿಕೊಳ್ಳಿ, ಬೇವಿನ ಹಿಂಡಿ ಬೆರೆಸಿ. ಕುಡಿಗೆ ಹೇನು ಹತ್ತಿದರೆ ನೀರು ರಭಸವಾಗಿ ಹೊಡೆದರೆ ಸಾಕು. ಅದನ್ನೂ ಸಂಜೆಯೇ ಮಾಡಿ. ಬೇರಿನ ತಲೆಗೆ ತುಕ್ಕು ಬಣ್ಣದ ಹುಣ್ಣು ಬರುವುದು ಇನ್ನೊಂದು ರೋಗ, ಕ್ಯಾಂಕರ್ ಅನ್ನುತ್ತಾರೆ. ಕಳೆ ತೆಗೆಯುವ ಕುರ್ಚಿಗೆಯ ಮೊನೆ ಬೇರಿನ ತಲೆಗೆ ತಾಗದ ಹಾಗೆ ನೋಡಿಕೊಳ್ಳಿ, ತಲೆಗೆ ಮಣ್ಣು ಏರಿಸಿ.

ತಳಿಗಳಲ್ಲಿ ಹಾಲೋ ಕ್ರೌನ್, ಟೆಂಡರ್ ಅಂಡ್ ಟ್ರೂ ಹಳೆಯವು. ಕ್ಯಾಂಕರ್ ತಡೆಯಲು ಮಾಡಿದ ಏವನ್‌ರೆಸಿಸ್ಟರ್ ಬೇರು ಗಿಡ್ಡ, ಹಾಗಾಗಿ ಡ್ರಮ್ಮಿಗೆ ಹೊಂದುತ್ತದೆ. ಸ್ಟೂಡೆಂಟ್ ಎಂಬ ಇನ್ನೊಂದು ತಳಿಯ ಕಥೆ ನನಗೆ ಬಹಳ ಪ್ರೀತಿ. 19ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಸೈರೆನ್ಸೆಸ್ಟರ್ ಕೃಷಿ ಕಾಲೇಜಿನ ಜೇಮ್ಸ್ ಬಕ್‌ಮನ್ ಎಂಬ ಪ್ರೊಫೆಸರ್ ಕಾಡು ಪಾರ್ಸ್ನಿಪ್ ಬೀಜ ತಂದು ಬಿತ್ತಿದರು. ಪ್ರತಿ ಪೀಳಿಗೆಯಲ್ಲಿ ಬೇರು ಚೆನ್ನಾಗಿದ್ದ ಗಿಡಗಳನ್ನೇ ಆರಿಸಿ ಬೀಜಕ್ಕೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಪೂರ ನಾರುಬೇರು ಹೋಗಿ ಊಟಕ್ಕೆ ಆಗುವ ಬೇರು ಬಂತು. ನಮ್ಮ ಅಜ್ಜ, ಮುತ್ತಜ್ಜಂದಿರು ಒಳ್ಳೆ ತೆನೆ ಆರಿಸಿ ಬೀಜಕ್ಕೆ ಎತ್ತಿಡುತ್ತಿದ್ದದ್ದೂ ಇದೇ ಕೆಲಸ.

ಕಿತ್ತ ತಕ್ಷಣ ತಿನ್ನಬೇಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ. ಆಗ ರುಚಿ ಸಪ್ಪೆ, ಹಿಟ್ಟು ಹಿಟ್ಟು. ಚಳಿ ದೇಶದಲ್ಲಿ ಹಿಮ ಬಿದ್ದಾಗ ಬೇರು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಬದಲಾಯಿಸಿಕೊಳ್ಳುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಬೇರು ಬದುಕುತ್ತದೆ. ಅದಕ್ಕೇ ಅಲ್ಲಿನವರು ಒಂದು ಹಿಮ ಬೀಳುವವರೆಗೆ ಕಾಯುತ್ತಾರೆ. ನಮಗೆ ಹಿಮ ಇಲ್ಲ, ಫ್ರಿಜ್ ಇದೆ. ಎಲೆ ಕತ್ತರಿಸಿ, ಮಣ್ಣು ಒರೆಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಅತಿ ತಂಪಾದ ಖಾನೆಯಲ್ಲಿ ಎರಡು ಮೂರು ವಾರ ಇಡಿ. ಸಿಹಿ ಬರುತ್ತದೆ.

ಯುರೋಪಿನಲ್ಲಿ ಸಕ್ಕರೆ ತುಟ್ಟಿ ಇದ್ದ ಕಾಲದಲ್ಲಿ ಈ ಸಿಹಿಗೆ ಬಹಳ ಬೆಲೆ ಇತ್ತು. 1747ರಲ್ಲಿ ಮಾರ್ಗ್ರಾಫ್ ಎಂಬ ಜರ್ಮನ್ ವಿಜ್ಞಾನಿ ಬೀಟ್ ಬೇರಿನಲ್ಲಿ ಕಬ್ಬಿನದೇ ಸಕ್ಕರೆ ಇದೆ ಅಂತ ತೋರಿಸಿದ ಮೇಲೆ, ಇನ್ನೊಂದು ಕಡೆ ಆಲೂಗಡ್ಡೆ ಹರಡಿದ ಮೇಲೆ ಪಾರ್ಸ್ನಿಪ್ ಹಿಂದೆ ಸರಿಯಿತು. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬ್ರಿಟನ್ನಿಗೆ ಬಾಳೆಹಣ್ಣು ಬರುವುದು ನಿಂತಿತು. ಅಲ್ಲಿನ ತಾಯಂದಿರು ಪಾರ್ಸ್ನಿಪ್ ಬೇಯಿಸಿ, ಕಿವುಚಿ, ಬಾಳೆಯ ಎಸೆನ್ಸ್ ಬೆರೆಸಿ ಮಕ್ಕಳಿಗೆ ಬ್ರೆಡ್ ಮೇಲೆ ಹಚ್ಚಿ ಕೊಟ್ಟರು. ಕಷ್ಟ ಕಾಲದಲ್ಲಿ ಮಕ್ಕಳ ಬಾಯಿಗೆ ಸಿಹಿ ಕೊಡಲು ಮನೆ ಹೆಂಗಸರು ಪಟ್ಟ ಪಾಡು ಅದು. ಓದಿದಾಗಲೆಲ್ಲ ನನಗೆ ಗೌರವ ಬರುತ್ತದೆ.

ಅಡುಗೆಗೆ ಸಿಪ್ಪೆ ತೆಗೆದೇ ಬಳಸಿ. ಬೇರಿನಲ್ಲೂ ಆ ಸುಡುವ ವಸ್ತು ಸ್ವಲ್ಪ ಇರುತ್ತದೆ, ಜಾಸ್ತಿ ಭಾಗ ಸಿಪ್ಪೆಯಲ್ಲಿ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಊಟದ ಅಳತೆಯಲ್ಲಿ ತಿಂದರೆ ತೊಂದರೆ ಇಲ್ಲ. ಹುಣ್ಣು, ಬೂಷ್ಟು ಬಂದ ಬೇರಿನಲ್ಲಿ ಅದು ಬಹಳ ಏರುತ್ತದೆ. ಹಾಗಾಗಿ ಕೆಟ್ಟ ಭಾಗ ಕತ್ತರಿಸಿ ಉಳಿದದ್ದು ಬಳಸೋಣ ಅನ್ನಬೇಡಿ, ಇಡೀ ಬೇರು ಬಿಸಾಡಿ. ಹೆಚ್ಚಿದ ಹೋಳು ಬೇಗ ಕಪ್ಪಾಗುತ್ತದೆ, ಮಜ್ಜಿಗೆ ನೀರಿನಲ್ಲಿ ಹಾಕಿಡಿ. ದಪ್ಪ ಬೇರಿನ ನಡುವೆ ಕಟ್ಟಿಗೆಯಂತೆ ಗಟ್ಟಿ ಇದ್ದರೆ ಅದನ್ನು ತೆಗೆಯಿರಿ.

ಬೆರಳುದ್ದ ಸೀಳಿ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ, ಸಣ್ಣ ಉರಿಯಲ್ಲಿ ಅಂಚು ಕಂದಾಗುವವರೆಗೆ ಹುರಿಯಿರಿ. ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ಕೊನೆಗೆ ನಿಂಬೆ ಹುಳಿ. ಇದು ಸಿಹಿ ಇರುವುದರಿಂದ ಖಾರ, ಹುಳಿ ಎರಡೂ ಬೇಕು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆ ಬಹಳ ಚೆನ್ನಾಗಿರುತ್ತದೆ. ಮಿರ್ಚಿ ಮಾಡುವ ದಿನ ಉಳಿದ ಕಡಲೆಹಿಟ್ಟಿನಲ್ಲಿ ತೆಳು ಬಿಲ್ಲೆ ಅದ್ದಿ ಕರಿಯಿರಿ, ಮಂಡಕ್ಕಿ ಜೊತೆ ತಿನ್ನಬಹುದು. ತುರಿದು ಹಾಲಿನಲ್ಲಿ ಬೇಯಿಸಿ ಗಜ್ಜರಿ ಹಲ್ವದ ಥರ ಮಾಡಿದರೆ ಸಕ್ಕರೆ ಅರ್ಧ ಸಾಕು. ಅದಕ್ಕೆ ಏಲಕ್ಕಿಯ ಬದಲು ಚೂರು ಜಾಕಾಯಿ ತೇಯ್ದು ಹಾಕಿ, ಬೇರಿನ ಸ್ವಂತ ವಾಸನೆಗೆ ಸರಿಯಾಗಿ ಕೂಡುತ್ತದೆ. ಸಾಂಬಾರಿಗೆ ಹಾಕುವುದಾದರೆ ಕೊನೆಯಲ್ಲಿ ಹಾಕಿ, ಗಜ್ಜರಿಗಿಂತ ಬೇಗ ಬೇಯುತ್ತದೆ.

ಈಗ ನೀವು ಕೇಳಿದ ಪ್ರಶ್ನೆಗಳು.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾ ಅಂತ ಒಬ್ಬ ಅಮ್ಮ ಕೇಳಿದರು. ಅಮ್ಮಾ, ಇದನ್ನು ತರಕಾರಿ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆಲೂಗಡ್ಡೆ ಲೆಕ್ಕಕ್ಕೆ ತೆಗೆದುಕೊಳ್ಳಿ. 100 ಗ್ರಾಮಿನಲ್ಲಿ ಸುಮಾರು 75 ಕ್ಯಾಲರಿ, 18 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಗಜ್ಜರಿಯಲ್ಲಿ ಸುಮಾರು 40 ಕ್ಯಾಲರಿ. ನಾರು ಚೆನ್ನಾಗಿದೆ, ಹೆಚ್ಚುಕಡಿಮೆ 5 ಗ್ರಾಂ. ಪೊಟ್ಯಾಸಿಯಂ ಕೂಡ ಇದೆ, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ. ಗಜ್ಜರಿಯಲ್ಲಿ ಕಣ್ಣಿಗೆ ಒಳ್ಳೆಯದು ಅನ್ನುವ ಕೆರೋಟಿನ್ ಇದರಲ್ಲಿ ಇಲ್ಲ.

ಜಗಳೂರು ಕಡೆಯ ಯುವಕರೊಬ್ಬರು ಒಂದು ಎಕರೆ ಹಾಕಬಹುದಾ ಅಂತ ಕೇಳಿದರು. ತಮ್ಮಾ, ಬೇಡ. ಸುತ್ತಿ ಬಳಸಿ ಹೇಳುವುದಿಲ್ಲ. ಹೊರಗಿನಿಂದ ಬರುವ ತುಟ್ಟಿ ಬೀಜ. ನಾಲ್ಕು ತಿಂಗಳಿಗೂ ಮೀರಿ ನೀರು. ಬೋರಿನ ನೀರು ಉಪ್ಪಾಗಿದ್ದರೆ ಗಿಡ ಏಳುವುದೇ ಇಲ್ಲ. ಕೊಳ್ಳುವವರು ದೊಡ್ಡ ಊರಿನ ಹೋಟೆಲುಗಳು. ಅವರಿಗೆ ಕವಲಿಲ್ಲದ ನೇರ ಬೇರು ಬೇಕು. ಊಟಿಯ ತಂಪಿನಲ್ಲಿ ಬೆಳೆದದ್ದರ ಜೊತೆ ನಿಮ್ಮ ಬೇರನ್ನು ಹೋಲಿಸಿ ಬೆಲೆ ಕಟ್ಟುತ್ತಾರೆ. ಇಲ್ಲಿನ ಮಂಡಿಯಲ್ಲಿ ಕೇಳುವವರಿಲ್ಲ. ಈರುಳ್ಳಿಯಂಥ ಎಲ್ಲರೂ ತಿನ್ನುವ ಬೆಳೆಗೇ ಬೆಲೆ ಬಿದ್ದು ಚಿತ್ರದುರ್ಗದ ರೈತರು ಎಷ್ಟು ನೊಂದಿದ್ದಾರೆ ಅಂತ ನೀವೇ ನೋಡಿದ್ದೀರಿ. ವಿದೇಶಿ ತರಕಾರಿ ಅಂತ ಆಸೆ ಹುಟ್ಟಿಸಿ ಬೀಜ ಮಾರುವವರ ಮಾತಿಗೆ ಹೊಲ ಒಡ್ಡಬೇಡಿ. ಮನೆ ಹಿಂದೆ ಒಂದು ಮಡಿ ಮಾಡಿ, ಮನೆಯವರು ತಿನ್ನಿ, ರುಚಿ ನೋಡಿ. ಒಂದು ಎಕರೆಗೆ ನಿಮಗೆ ಗೊತ್ತಿರುವ ಬೆಳೆಯೇ ಇರಲಿ.

ಕೊನೆಯ ಪ್ರಶ್ನೆ ಹಸು ಸಾಕಿರುವ ಒಬ್ಬ ಅಕ್ಕನದು. ಸಿಪ್ಪೆ, ಸೊಪ್ಪು ಹಸುವಿಗೆ ಹಾಕಬಹುದಾ? ಬೇರು ಹಾಕಬಹುದು. ಇಂಗ್ಲಿಷ್ ಕಾಲುವೆಯ ಜರ್ಸಿ, ಗರ್ನ್ಸಿ ದ್ವೀಪಗಳಲ್ಲಿ ಹಿಂದೆ ಹಾಲಿನ ಹಸುಗಳಿಗೆ ಪಾರ್ಸ್ನಿಪ್ ಬೇರನ್ನೇ ಮೇವಾಗಿ ಕೊಡುತ್ತಿದ್ದರು. ಕವಲೊಡೆದು ಅಡುಗೆಗೆ ಬಾರದ ಒಳ್ಳೆಯ ಬೇರನ್ನು ತುಂಡು ಮಾಡಿ ಹಾಕಿ. ಸೊಪ್ಪು, ಸಿಪ್ಪೆ ಬೇಡ. ಹಸುವಿನ ಮೂತಿ, ಕೆಚ್ಚಲಿನಂಥ ರೋಮ ಕಡಿಮೆ ಇರುವ ಜಾಗಕ್ಕೂ ಬಿಸಿಲು ತಾಗಿ ಬೊಬ್ಬೆ ಬರುತ್ತದೆ. ಸೊಪ್ಪು, ಸಿಪ್ಪೆಯನ್ನು ಸಂಜೆ ತಿಪ್ಪೆಗೆ ಹಾಕಿ, ಮೇಲೆ ಎರಡು ಬುಟ್ಟಿ ಮಣ್ಣು ಮುಚ್ಚಿ.